ಸೊಪ್ಪು ಮುಗಿದರೂ ರೇಷ್ಮೆ ಹುಳು ತಟ್ಟೆ ಬಿಟ್ಟು ಹೋಗುವುದಿಲ್ಲ: ಇದರಲ್ಲಿ ಜೀನಿನ ಪಾಲೆಷ್ಟು, ಸಾಕಣೆಯ ಪಾಲೆಷ್ಟು?

ಶಾಲ್ಮಲಾ, ಶಿರಸಿ

ಬಿಎಸ್ಸಿ ಕೊನೆಯ ವರ್ಷದ ಮಕ್ಕಳ ಪ್ರಾಜೆಕ್ಟಿಗಾಗಿ ಈ ಪ್ರಶ್ನೆ. ರೇಷ್ಮೆ ಹುಳುವಿನ ತಟ್ಟೆಗೆ ಮುಚ್ಚಳ ಬೇಕಿಲ್ಲ. ಸೊಪ್ಪು ಖಾಲಿಯಾದರೂ ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಅಲ್ಲೇ ಕಾಯುತ್ತದೆ. ತೋಟದ ಬೇರೆ ಯಾವುದೇ ಕಂಬಳಿಹುಳುವನ್ನು ಹಾಗೆ ಇಟ್ಟರೆ ಸ್ವಲ್ಪ ಹೊತ್ತಿಗೇ ಗೋಡೆ ಹತ್ತಿರುತ್ತದೆ. ಪತಂಗಕ್ಕೆ ರೆಕ್ಕೆ ಇದೆ, ಹಾರಾಟ ಇಲ್ಲ.

ಮೈಸೂರು ತಳಿ ಮತ್ತು ಸಿಎಸ್‌ಆರ್2 ಎಂಬ ಇನ್ನೊಂದು ರೇಷ್ಮೆ ತಳಿ ಎರಡನ್ನೂ ಇಟ್ಟುಕೊಂಡು ಹುಳುವಿನ ಓಡಾಟ ಅಳೆಯಬೇಕು, ವ್ಯತ್ಯಾಸ ಕಂಡರೆ ಅದು ವಂಶದಿಂದ ಬಂದದ್ದೋ ಸಾಕಣೆಯಿಂದ ಬಂದದ್ದೋ ಬೇರ್ಪಡಿಸಬೇಕು ಎಂಬುದು ಯೋಚನೆ. ಕಾಲೇಜಿನ ಪ್ರಯೋಗಾಲಯದಲ್ಲಿ ಇದು ಆಗುವ ಕೆಲಸವೇ? ಆಗುವುದಾದರೆ ಹೇಗೆ, ಘಟ್ಟದ ಮೇಲೆ ಯಾವ ತಿಂಗಳು?

ಕಾಳಿ ದಂಡೆ, ಕಾರವಾರ

ಅಕ್ಕೋರೆ, ಆಗುವ ಕೆಲಸವೇ. ಆದರೆ ಮಕ್ಕಳು "ಸಾಧುತನದ ಜೀನ್" ಎಂಬ ಒಂದೇ ವಸ್ತುವನ್ನು ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಅಂಥ ಒಂದು ಜೀನ್ ಇಲ್ಲ. ಕಾಡಿನ ಪೂರ್ವಜ ಬಾಂಬಿಕ್ಸ್ ಮ್ಯಾಂಡರಿನಾವನ್ನು ಚೀನಾದಲ್ಲಿ ಸಾಕಲು ಶುರು ಮಾಡಿ ಸುಮಾರು 5,000 ವರ್ಷ ಆಯಿತು. ಈ ಅವಧಿಯಲ್ಲಿ ನಡವಳಿಕೆಯ ಹಲವು ತುಂಡುಗಳು ಬೇರೆಬೇರೆಯಾಗಿ ಬದಲಾಗಿವೆ, ಕೆಲವು ಬದಲಾಗದೆ ಉಳಿದಿವೆ. ಯಾವುದು ಉಳಿಯಿತು, ಯಾವುದು ಹೋಯಿತು ಎಂದು ನೋಡಿದರೆ ಒಳಗಿನ ಲೆಕ್ಕ ಗೊತ್ತಾಗುತ್ತದೆ.

ಹೋದವು: ಹಾರಾಟ, ಕೊಂಬೆಯನ್ನು ಬಿಗಿಯಾಗಿ ಹಿಡಿಯುವ ಶಕ್ತಿ, ಸೊಪ್ಪು ಹುಡುಕಿ ದೂರ ಹೋಗುವುದು, ದಟ್ಟಣೆಯನ್ನು ಸಹಿಸದಿರುವುದು, ತೊಗಟೆಯಂಥ ಮೈಬಣ್ಣ. ಉಳಿದವು: ಹಣ್ಣಾದಾಗ (ಗೂಡು ಕಟ್ಟಲು ಸಿದ್ಧವಾದಾಗ) ಮೇಲಕ್ಕೆ ಹತ್ತುವುದು, ಎಂಟರ ಆಕಾರದಲ್ಲಿ ತಲೆ ಆಡಿಸಿ ಗೂಡು ಕಟ್ಟುವುದು, ಗಂಡು ಪತಂಗ ಹೆಣ್ಣಿನ ವಾಸನೆ ಹಿಡಿದು ಬರುವುದು. ಗೂಡಿಗೂ ಮೊಟ್ಟೆಗೂ ಬೇಕಾದದ್ದೆಲ್ಲ ಉಳಿದಿದೆ.

ಯಾರೋ ಕುಳಿತು ಶಾಂತ ಹುಳುಗಳನ್ನೇ ಆರಿಸಿದರು ಎಂದು ಊಹಿಸಬೇಕಾಗಿಲ್ಲ. ತಟ್ಟೆ ಬಿಟ್ಟು ಹೋದ ಹುಳುವಿಗೆ ಸೊಪ್ಪು ಸಿಗಲಿಲ್ಲ, ಗೂಡು ಕಟ್ಟಲಿಲ್ಲ, ಮುಂದಿನ ಪೀಳಿಗೆಗೆ ಅದರ ಪಾಲು ಹೋಗಲಿಲ್ಲ. ಪ್ರತಿ ಬೆಳೆಯಲ್ಲೂ ಈ ಸೋಸುವಿಕೆ ತಾನಾಗಿಯೇ ನಡೆದಿದೆ. ಇದರ ಜೊತೆ ಇನ್ನೊಂದು ಕಾರಣವೂ ಕೂಡಿಕೊಂಡಿದೆ: ಹಕ್ಕಿ, ಇರುವೆ, ಕಣಜದ ಕಾಟ ಇಲ್ಲದ ಮನೆಯೊಳಗೆ ಹಾರಾಟ ಕೆಡಿಸುವ ಬದಲಾವಣೆ ಬಂದರೂ ಹುಳು ಸಾಯುವುದಿಲ್ಲ, ಅಂಥ ಬದಲಾವಣೆಗಳು ತುಂಬಿಕೊಳ್ಳುತ್ತವೆ. ಮೊದಲಿನದು ಆಯ್ಕೆ, ಎರಡನೆಯದು ಆಯ್ಕೆಯ ಸಡಿಲಿಕೆ. ಜೀನೋಮಿನಲ್ಲಿ ಇವೆರಡರ ಗುರುತು ಬೇರೆ ಬೇರೆ. ಮೊದಲಿನದರಲ್ಲಿ ಆ ಜೀನಿನ ಸುತ್ತ ವೈವಿಧ್ಯ ಕುಗ್ಗಿರುತ್ತದೆ, ಎರಡನೆಯದರಲ್ಲಿ ಹಾಗಾಗಬೇಕೆಂದಿಲ್ಲ.

2009ರಲ್ಲಿ 29 ಸಾಕು ತಳಿ ಮತ್ತು 11 ಕಾಡು ಹುಳುಗಳ ಜೀನೋಮನ್ನು ಹೋಲಿಸಿದಾಗ ಹೀಗೆ ಆಯ್ಕೆಯ ಗುರುತುಳ್ಳ 354 ಜೀನ್‌ಗಳು ಸಿಕ್ಕವು. ರೇಷ್ಮೆ ಗ್ರಂಥಿ, ನಡುಗರುಳು, ವೃಷಣದಲ್ಲಿ ಹೆಚ್ಚು ಕೆಲಸ ಮಾಡುವ ಜೀನ್‌ಗಳು ಅದರಲ್ಲಿ ಎದ್ದು ಕಂಡವು. 2022ರಲ್ಲಿ 1,078 ಹುಳುಗಳ ಜೀನೋಮ್ ಓದಿ, 545 ಹುಳುಗಳದನ್ನು ಉದ್ದುದ್ದ ತುಣುಕುಗಳಿಂದ ಪೂರ್ತಿ ಜೋಡಿಸಿದಾಗಲೂ ಪಟ್ಟಿ ನೂರಾರು ಜೀನ್‌ಗಳದ್ದೇ ಆಯಿತು.

ಮುಂಡಗೋಡ ಗೂಡು

ಜೀನಿಗೆ ಕೈ ಹಾಕುವ ಮೊದಲು ಒಂದು ಮಾತು. ಹುಳು ತಟ್ಟೆಯ ಅಂಚಿಗೆ ಬಂದಿದೆ ಎಂದರೆ ನೂರಕ್ಕೆ ತೊಂಬತ್ತೊಂಬತ್ತು ಸಲ ಕಾರಣ ಸಾಕಣೆಯಲ್ಲೇ ಇರುತ್ತದೆ. ಮಕ್ಕಳು ಇವನ್ನು ಗುರುತಿಸಲು ಕಲಿಯದಿದ್ದರೆ ರೋಗವನ್ನು ತಳಿಗುಣ ಎಂದು ಬರೆದುಬಿಡುತ್ತಾರೆ.

ಮೊದಲನೆಯದು ಹಾಲುತೊಂಡೆ ಎಂಬ ವೈರಸ್ ರೋಗ. ಮೈ ಹಳದಿಯಾಗಿ ಹೊಳೆಯುತ್ತದೆ, ಗೆಣ್ಣುಗಳ ನಡುವೆ ಉಬ್ಬುತ್ತದೆ, ಹುಳು ನಿಲ್ಲದೆ ತಟ್ಟೆಯ ಅಂಚಿನುದ್ದಕ್ಕೂ ನಡೆಯುತ್ತದೆ. ಕಾಲು ಚಿವುಟಿದರೆ ತಿಳಿ ರಸದ ಬದಲು ಹಾಲಿನಂಥ ಹನಿ ಬರುತ್ತದೆ. ಆ ಹನಿಯನ್ನು ಗಾಜಿನ ಮೇಲೆ ಹಾಕಿ 400 ಪಟ್ಟು ದೊಡ್ಡದಾಗಿ ನೋಡಿದರೆ ಹರಳಿನಂಥ ಕಣಗಳು ತುಂಬಿರುತ್ತವೆ. ಅಂಥ ಹುಳುವನ್ನು ಲೆಕ್ಕದಿಂದ ತೆಗೆಯುವುದಷ್ಟೇ ಅಲ್ಲ, ಆ ತಟ್ಟೆಯನ್ನೇ ಪ್ರಯೋಗದಿಂದ ತೆಗೆಯಬೇಕು, ಯಾಕೆಂದರೆ ಚರ್ಮ ಒಡೆದು ಚೆಲ್ಲಿದ ಹಾಲು ಉಳಿದವಕ್ಕೂ ತಗುಲಿರುತ್ತದೆ.

ಎರಡನೆಯದು ವಿಷ. ಔಷಧಿ ಹೊಡೆದ ಹೊಲದ ಪಕ್ಕದ ಸೊಪ್ಪು, ಹೊಗೆಸೊಪ್ಪಿನ ಹೊಲದ ಹತ್ತಿರದ ಸೊಪ್ಪು ತಿಂದ ಹುಳು ತಲೆ ಎತ್ತಿ ಒದ್ದಾಡುತ್ತದೆ, ಹಸಿರು ರಸ ಕಕ್ಕುತ್ತದೆ, ಮೈ ತಿರುಚುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಅದೂ ಚುರುಕು ಓಡಾಟದ ಹಾಗೆಯೇ ಕಾಣುತ್ತದೆ.

ಮೂರನೆಯದು ಹಾಸಿಗೆ ಬಿಸಿಯಾಗುವುದು. ಹಿಕ್ಕೆ, ಉಳಿದ ಸೊಪ್ಪು ದಪ್ಪಗೆ ಸೇರಿ ಕೊಳೆತು ಅಮೋನಿಯ ಎದ್ದರೆ ಹುಳು ಮೇಲಕ್ಕೆ ಬರುತ್ತದೆ. ನಾಲ್ಕನೆಯದು ಬರೀ ಹಸಿವು: ಒಣಗಿದ ಸೊಪ್ಪು, ಬಲಿತ ಸೊಪ್ಪು. ಐದನೆಯದು ಹಣ್ಣಾಗುವುದು. ಮೈ ಪಾರದರ್ಶಕ, ಸೊಪ್ಪು ಬಿಟ್ಟಿರುತ್ತದೆ, ಕೊನೆಯ ಹಿಕ್ಕೆ ಮೆತ್ತಗೆ. ಅದನ್ನು ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಹಾಕಬೇಕೇ ಹೊರತು ಓಡಾಟದ ಪರೀಕ್ಷೆಗೆ ತರಬಾರದು.

ಇದಕ್ಕೆ ತಿರುಗುಮುರುಗಾಗಿ, ಅಲುಗಾಡದ ಹುಳುವೆಲ್ಲ ಶಾಂತ ಹುಳುವಲ್ಲ. ಜ್ವರಕ್ಕೆ (ಪೊರೆ ಬಿಡುವ ಮೊದಲಿನ ನಿದ್ದೆಗೆ) ಕುಳಿತ ಹುಳು ತಲೆ ಎತ್ತಿ ಒಂದು ದಿನದ ಹತ್ತಿರ ಕದಲುವುದೇ ಇಲ್ಲ. ಸಪ್ಪೆ ರೋಗದ ಹುಳುವೂ ಕದಲುವುದಿಲ್ಲ.

ಕಾಳಿ ದಂಡೆ, ಕಾರವಾರ

ಮುಂಡಗೋಡದ ಅಣ್ಣ ಮೊದಲಿಗೆ ಹಾಲುತೊಂಡೆಯನ್ನು ಇಟ್ಟದ್ದು ಬಹಳ ಸರಿ. ಅದು ಸಾಕಣೆಯ ವಿಷಯ ಹೌದು, ಜೀನಿನ ವಿಷಯವೂ ಹೌದು. ಆದರೆ ಆ ಜೀನ್ ಹುಳುವಿನದಲ್ಲ, ವೈರಸ್ಸಿನದು. ಹಾಲುತೊಂಡೆಯ ವೈರಸ್ಸಿನಿಂದ ಪಿಟಿಪಿ ಎಂಬ ಜೀನನ್ನು ತೆಗೆದು ಹುಳುವಿಗೆ ಸೋಂಕು ಹಚ್ಚಿದಾಗ ರೋಗ ಬಂದರೂ ಆ ಅಲೆದಾಟ ಕಾಣಿಸಲಿಲ್ಲ. ಇದನ್ನು 2005ರಲ್ಲಿ ತೋರಿಸಿದರು. ಆ ಪ್ರೋಟೀನು ವೈರಸ್ಸಿನ ಕಣದ ಕಟ್ಟಡದ ಭಾಗವಾಗಿ ಮಿದುಳಿನ ಸೋಂಕಿಗೆ ನೆರವಾಗುತ್ತದೆ ಎಂದು ಮುಂದೆ ಗೊತ್ತಾಯಿತು. ಅಲೆದಾಡಿ ಎತ್ತರಕ್ಕೆ ಹೋಗಿ ಸತ್ತ ಹುಳುವಿನಿಂದ ವೈರಸ್ಸು ಕೆಳಗಿನ ಎಲೆಗಳ ಮೇಲೆಲ್ಲ ಹರಡುತ್ತದೆ.

ಸಾವಿರಾರು ವರ್ಷ ಕದಲದೆ ಕುಳಿತ ಹುಳುವಿನಲ್ಲೂ ಓಡಾಡುವ ನರಮಂಡಲ ಪೂರ್ತಿ ಇದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಹಣ್ಣು ಹುಳು ಹತ್ತುವುದೂ ಅದನ್ನೇ ಹೇಳುತ್ತದೆ. ಓಡಾಟದ ಯಂತ್ರ ಕಳೆದಿಲ್ಲ, ಅದನ್ನು ಶುರು ಮಾಡುವ ಮಿತಿ ಏರಿದೆ ಎಂದು ನನ್ನ ತಿಳಿವಳಿಕೆ. ಆದ್ದರಿಂದ ಪರೀಕ್ಷೆಯಲ್ಲಿ "ಎಷ್ಟು ದೂರ ಹೋಯಿತು" ಎಂಬುದರ ಜೊತೆಗೆ "ಎಷ್ಟು ಹೊತ್ತಿಗೆ ಹೊರಟಿತು" ಎಂಬುದನ್ನೂ ಬರೆಯಿರಿ. ಎರಡನೆಯದೇ ಹೆಚ್ಚು ಹೇಳುತ್ತದೆ.

ಕಡಲತಡಿ, ಕುಮಟಾ

ಎರಡು ಸಂದೇಹ. ಕಾಡಿನ ಪೂರ್ವಜ ನಮ್ಮಲ್ಲಿ ಸಿಗುವುದಿಲ್ಲವಾದರೆ, ಯಲ್ಲಾಪುರ, ದಾಂಡೇಲಿ ಕಡೆ ಮತ್ತಿ ಮರದ ಮೇಲೆ ಬರುವ ಟಸರ್ ಜಾತಿಯ ಹುಳುವನ್ನು ಹೋಲಿಕೆಗೆ ಇಟ್ಟುಕೊಳ್ಳಬಹುದೇ? ಎರಡನೆಯದು, ಒಂದು ಜೀನ್ ತೆಗೆದರೆ ರೇಷ್ಮೆ ಹುಳು ಬೇರೆ ಸೊಪ್ಪನ್ನೂ ತಿನ್ನುತ್ತದೆ ಎಂದು ಕೇಳಿದ್ದೇನೆ. ಹಾಗಿದ್ದರೆ ಹಲಸಿನ ಸೊಪ್ಪು ಯಾಕಾಗಬಾರದು? ಹಿಪ್ಪುನೇರಳೆಯ ಕುಟುಂಬವೇ ಅಲ್ಲವೇ?

ಕಾಳಿ ದಂಡೆ, ಕಾರವಾರ

ಟಸರ್ ಬೇಡ. ಅದು ಸ್ಯಾಟರ್ನಿಡೇ ಕುಟುಂಬ, ಬಾಂಬಿಕ್ಸ್ ಬೇರೆಯೇ ಕುಟುಂಬ. ಕವಲೊಡೆದು ಕೋಟ್ಯಂತರ ವರ್ಷಗಳಾದ ಎರಡು ಹುಳುಗಳ ವ್ಯತ್ಯಾಸವನ್ನು 5,000 ವರ್ಷದ ಸಾಕಣೆಯ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ಸರಿಯಾದ ಹೋಲಿಕೆ ಮ್ಯಾಂಡರಿನಾ ಜೊತೆಗೇ. ಅದು ಸಾಕು ಹುಳುವಿನ ಜೊತೆ ಕೂಡಿ ಫಲವುಳ್ಳ ಮರಿ ಕೊಡುತ್ತದೆ, ಅಷ್ಟು ಹತ್ತಿರದ ನಂಟು. ಚೀನಾದ ಮ್ಯಾಂಡರಿನಾಕ್ಕೆ ಸಾಕು ಹುಳುವಿನ ಹಾಗೆ 28 ಜೊತೆ ಕ್ರೋಮೋಸೋಮ್, ಜಪಾನಿನದಕ್ಕೆ 27. ನಮ್ಮ ಮಕ್ಕಳ ಕೈಗೆ ಅದು ಸಿಗದ ಕಾರಣ ಎರಡು ಸಾಕು ತಳಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯಬಹುದು. ಬರೆಯುವಾಗ ಇದು "ಕಾಡಿನಿಂದ ಮನೆಗೆ ಬಂದಾಗ ಆದ ಬದಲಾವಣೆ" ಎನ್ನಬೇಡಿ, "ಸಾಕು ತಳಿಗಳ ನಡುವಿನ ವಂಶ ವ್ಯತ್ಯಾಸ" ಎನ್ನಿ.

ಇನ್ನು ಹಲಸು. ಸೊಪ್ಪು ತಿನ್ನುವುದಕ್ಕೆ ಮೂರು ಬಾಗಿಲು ದಾಟಬೇಕು.

ಮೊದಲ ಬಾಗಿಲು ಮೂಗು. ಹಿಪ್ಪುನೇರಳೆ ಎಲೆಯಿಂದ ಹೊರಡುವ ಸಿಸ್-ಜಾಸ್ಮೋನ್ ಎಂಬ ವಾಸನೆ ಹುಳುವನ್ನು ಎಳೆಯುತ್ತದೆ. ಅದನ್ನು ಹಿಡಿಯುವ ಗ್ರಾಹಕ ಬಿಎಂಓಆರ್56. ಎರಡನೆಯದು ಬಾಯಿ. ಜಿಆರ್66 ಎಂಬ ರುಚಿ ಗ್ರಾಹಕ ಬೇರೆ ಸೊಪ್ಪು ಬಾಯಿಗೆ ತಾಗಿದಾಗ "ಬೇಡ" ಎನ್ನಿಸುತ್ತದೆ. 2019ರಲ್ಲಿ ಜೀನ್ ಕತ್ತರಿಸುವ ಕ್ರಿಸ್ಪರ್ ಎಂಬ ಕತ್ತರಿಯಿಂದ ಇದೊಂದನ್ನು ಕೆಡಿಸಿದಾಗ ಹುಳುಗಳು ಓಕ್ ಎಲೆ, ಸೇಬು, ಪೇರ್ ಹಣ್ಣು, ಸೋಯಾಬೀನ್, ಮೆಕ್ಕೆಜೋಳ ಎಲ್ಲವನ್ನೂ ಕಚ್ಚಿದವು. ನೀವು ಕೇಳಿದ್ದು ಇದೇ. ಮೂರನೆಯದು ಹೊಟ್ಟೆ. ಹಿಪ್ಪುನೇರಳೆಯ ಹಾಲಿನಲ್ಲಿ ಸಕ್ಕರೆಯ ವೇಷದ ಆಲ್ಕಲಾಯ್ಡುಗಳಿವೆ. ಅವು ಬೇರೆ ಹುಳುಗಳ ಕರುಳಿನ ಸಕ್ಕರೆ ಜೀರ್ಣಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಎರಿ ಹುಳು (ಹರಳು ಸೊಪ್ಪು ತಿನ್ನುವ ರೇಷ್ಮೆ ಹುಳು) ಹಿಪ್ಪುನೇರಳೆ ತಿಂದು ಬದುಕದಿರುವುದು ಇದರಿಂದಲೇ. ರೇಷ್ಮೆ ಹುಳುವಿನಲ್ಲಿ ಆ ವಿಷಕ್ಕೆ ಬಗ್ಗದ ಬೇರೆ ಕಿಣ್ವ ಇದೆ, ಅದರ ಜೀನ್ ಬಿಎಂಎಸ್‌ಯುಸಿ1.

ಜಿಆರ್66 ಕೆಟ್ಟ ಹುಳು ತಿನ್ನಲು ಒಪ್ಪಿತು ಅಷ್ಟೇ. ಒಪ್ಪುವುದು ಬೇರೆ, ತಿಂದು ಗೂಡು ಕಟ್ಟುವುದು ಬೇರೆ. ಮಾಮೂಲಿ ತಳಿಯನ್ನು ಹಲಸಿನ ಸೊಪ್ಪಿನ ಮೇಲೆ ಬೆಳೆಸಲು ಹೋದರೆ ಹುಳು ಸಾಯುತ್ತದೆ, ದಯವಿಟ್ಟು ಪ್ರಯತ್ನಿಸಬೇಡಿ. ಇನ್ನೊಂದು ಮಾತು: ಹಿಪ್ಪುನೇರಳೆಗೆ ಕಟ್ಟುಬಿದ್ದದ್ದು ಸಾಕಣೆಯಿಂದ ಬಂದ ಗುಣವಲ್ಲ. ಮ್ಯಾಂಡರಿನಾ ತಿನ್ನುವುದೂ ಹಿಪ್ಪುನೇರಳೆಯನ್ನೇ.

ಶಾಲ್ಮಲಾ, ಶಿರಸಿ

ಇಷ್ಟರ ಮೇಲೆ ಮೊದಲ ಕರಡು ಹೀಗಿದೆ. ಒಂದು ಮೀಟರ್ ಚೌಕದ ಕಾಗದ, ನಡುವಿನಿಂದ 5 ಸೆಂಟಿಮೀಟರಿಗೊಂದರಂತೆ ವೃತ್ತಗಳು. ನಾಲ್ಕನೇ ಹಂತದ (ಮೂರು ಸಲ ಪೊರೆ ಬಿಟ್ಟ) 10 ಹುಳುಗಳನ್ನು ನಡುವೆ ಇಟ್ಟು, ಸೊಪ್ಪಿಲ್ಲದೆ 15, 30, 60 ನಿಮಿಷಕ್ಕೆ ಎಲ್ಲಿವೆ ಎಂದು ಗುರುತಿಸುವುದು. ಮೈಸೂರು ತಳಿ, ಸಿಎಸ್‌ಆರ್2, ಮತ್ತೆ ಎರಡರ ಮಿಶ್ರತಳಿ. ಮಿಶ್ರತಳಿ ನಡುವೆ ಬಂದರೆ ಜೀನಿನಿಂದ ಎನ್ನಬಹುದಲ್ಲವೇ?

ಕಾಳಿ ದಂಡೆ, ಕಾರವಾರ

ಕಾಗದದ ವ್ಯವಸ್ಥೆ ಚೆನ್ನಾಗಿದೆ, ತೀರ್ಮಾನ ಅವಸರದ್ದು. ಮಿಶ್ರತಳಿ ಒಂದೇ ಸಾಲದು, ಅದನ್ನು ಎರಡೂ ದಿಕ್ಕಿನಿಂದ ಮಾಡಬೇಕು: ಮೈಸೂರು ತಾಯಿ, ಸಿಎಸ್‌ಆರ್2 ತಂದೆ ಒಂದು, ಸಿಎಸ್‌ಆರ್2 ತಾಯಿ, ಮೈಸೂರು ತಂದೆ ಇನ್ನೊಂದು.

ರೇಷ್ಮೆ ಹುಳುವಿನಲ್ಲಿ ಗಂಡಿಗೆ ಝಡ್ ಝಡ್, ಹೆಣ್ಣಿಗೆ ಝಡ್ ಡಬ್ಲ್ಯು. ಮನುಷ್ಯರಿಗೆ ಉಲ್ಟಾ. ಎರಡೂ ದಿಕ್ಕಿನ ಗಂಡು ಮರಿಗಳಲ್ಲಿ ಕೋಶಕೇಂದ್ರದ ಜೀನ್‌ಗಳು ಒಂದೇ: ಪ್ರತಿ ಜೊತೆಯಲ್ಲೂ ಒಂದು ಮೈಸೂರಿನದು, ಒಂದು ಸಿಎಸ್‌ಆರ್2ದು. ಆದರೂ ಎರಡು ದಿಕ್ಕಿನ ಗಂಡುಗಳ ಓಡಾಟ ಬೇರೆಬೇರೆ ಬಂದರೆ ಅದು ತಾಯಿಯ ಮೊಟ್ಟೆಯಿಂದ ಬಂದ ಪ್ರಭಾವ. ಗಂಡುಗಳು ಒಂದೇ ರೀತಿ ಇದ್ದು ಹೆಣ್ಣುಗಳಷ್ಟೇ ಬೇರೆಯಾದರೆ ಝಡ್ ಅಥವಾ ಡಬ್ಲ್ಯು ಮೇಲೆ ಸಂಶಯ ಪಡಿ, ಯಾಕೆಂದರೆ ಹೆಣ್ಣು ಮರಿಗೆ ತನ್ನ ಒಂದೇ ಝಡ್ ಬರುವುದು ತಂದೆಯಿಂದ, ಡಬ್ಲ್ಯು ತಾಯಿಯಿಂದ. ಎಲ್ಲವೂ ಒಂದೇ ಆದರೆ ಉಳಿದ 27 ಜೊತೆಗಳ ಕಡೆ ನೋಡಬೇಕು. ಹೀಗಾಗಿ ಹುಳುವಿನ ಲಿಂಗ ಬರೆಯದ ಅಳತೆ ಅರ್ಧ ಅಳತೆ. ಐದನೇ ಹಂತದ ಎರಡು–ಮೂರನೇ ದಿನ ಹುಳುವನ್ನು ಅಂಗಾತ ಹಿಡಿದು ಬಾಲದ ಹತ್ತಿರದ 8 ಮತ್ತು 9ನೇ ಹೊಟ್ಟೆಗೆಣ್ಣು ನೋಡಿ. ಹೆಣ್ಣಿಗೆ ಹಾಲುಬಿಳಿಯ ನಾಲ್ಕು ಚುಕ್ಕೆ, ಗಂಡಿಗೆ ಎರಡು ಗೆಣ್ಣುಗಳ ನಡುವೆ ಒಂದೇ ಚುಕ್ಕೆ. ನಾಲ್ಕನೇ ಹಂತದಲ್ಲಿ ಅಳೆದ ಹುಳುಗಳನ್ನು ಒಂದೊಂದಾಗಿ ಬೇರೆ ಡಬ್ಬಿಯಲ್ಲಿ ಇಟ್ಟರೆ ಮಾತ್ರ ಮುಂದೆ ಅದರ ಲಿಂಗ ಸೇರಿಸಿ ಬರೆಯಬಹುದು. ಇಲ್ಲವೇ ಅಳತೆಯನ್ನೇ ಐದನೇ ಹಂತದ ಮೂರನೇ ದಿನಕ್ಕೆ ತನ್ನಿ. ಎರಡನೆಯದು ಸುಲಭ.

ಈಗ ತೊಡಕಿನ ಜಾಗ. ಮೊಟ್ಟೆ ನಿದ್ದೆಗೆ ಹೋಗುವುದನ್ನು, ಅಂದರೆ ಒಳಗಿನ ಬೆಳವಣಿಗೆ ನಿಲ್ಲುವುದನ್ನು, ನಿರ್ಧರಿಸುವವಳು ತಾಯಿ. ಅವಳ ಗಂಟಲ ಕೆಳಗಿನ ನರಗಂಟಿನಿಂದ ಬರುವ, 24 ಅಮೈನೋ ಆಮ್ಲಗಳ ನಿದ್ರಾ ಹಾರ್ಮೋನು ಅದನ್ನು ಮಾಡುತ್ತದೆ. ಮೈಸೂರು ತಾಯಿಯ ಮೊಟ್ಟೆ ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ. ಸಿಎಸ್‌ಆರ್2 ತಾಯಿಯದು, ತಂದೆ ಯಾರೇ ಇರಲಿ, ನಿದ್ದೆಗೆ ಹೋಗಿ ಎರಡು ಮೂರು ದಿನದಲ್ಲಿ ಕಪ್ಪುಗಂದು ಬಣ್ಣಕ್ಕೆ ತಿರುಗುತ್ತದೆ. ಮಾರಾಟದ ಮಿಶ್ರತಳಿಯಲ್ಲಿ ಮೈಸೂರು ತಳಿಯನ್ನೇ ತಾಯಿ ಮಾಡುವುದರ ಅನುಕೂಲ ಇದು. ನಿಮ್ಮ ಉಲ್ಟಾ ದಿಕ್ಕಿನ ಮೊಟ್ಟೆಗೆ ಆ ನಿದ್ದೆ ತಪ್ಪಿಸುವ ಆಮ್ಲ ಸಂಸ್ಕಾರ ಬೇಕೇ ಬೇಕು. ಮೊಟ್ಟೆ ಇಟ್ಟು 25 ಡಿಗ್ರಿಯಲ್ಲಿ ಸುಮಾರು 20 ಗಂಟೆಯಾದಾಗ, ಬಣ್ಣ ತಿರುಗುವ ಮೊದಲೇ, 1.075 ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 46 ಡಿಗ್ರಿಗೆ 5 ನಿಮಿಷ. ಕಾಲೇಜಿನಲ್ಲಿ ಬಿಸಿ ಆಮ್ಲದ ಹೊಗೆ ಬೇಡ ಎನಿಸಿದರೆ ಕೋಣೆಯ ಉಷ್ಣತೆಯಲ್ಲೇ 1.10 ಸಾಂದ್ರತೆಗೆ ಸುಮಾರು ಒಂದು ಗಂಟೆ. ಹಾಳೆಯ ಮೇಲಿನ ಮೊಟ್ಟೆ ಕಳಚಿ ಬೀಳದಂತೆ ಮೊದಲು 2 ಶೇಕಡಾ ಫಾರ್ಮಾಲಿನ್‌ನಲ್ಲಿ ಅದ್ದಬೇಕು. ಕೊನೆಗೆ ಲಿಟ್ಮಸ್ ಕೆಂಪಾಗದಷ್ಟು ಹೊತ್ತು ನೀರಿನಲ್ಲಿ ತೊಳೆಯಬೇಕು.

ಆಮ್ಲ ತಾಗಿದ್ದೇ ಹುಳುವಿನ ನಡವಳಿಕೆ ಬದಲಿಸಿತೋ ಎಂಬ ಪ್ರಶ್ನೆ ಬರುತ್ತದೆ, ಬರಲೇಬೇಕು. ಅದಕ್ಕಾಗಿ ಮೈಸೂರು ತಾಯಿಯ ಕೆಲವು ಮೊಟ್ಟೆಗಳನ್ನೂ ಅದೇ ಆಮ್ಲಕ್ಕೆ ಹಾಕಿ ಹೋಲಿಕೆಗೆ ಇಡಿ.

ಮುಂಡಗೋಡ ಗೂಡು

ಅಕ್ಕೋರೆ, ಅಂಗಡಿ ಮಾತಿನಲ್ಲಿ "ಸಿಬಿ" (ಕ್ರಾಸ್ ಬ್ರೀಡ್) ಎಂದು ಕೊಡುವ ಚಾಕಿ ಹುಳು (ಮೊದಲೆರಡು ಹಂತದ ಮರಿ ಹುಳು) ಮೈಸೂರು ಮತ್ತು ಸಿಎಸ್‌ಆರ್2 ಸೇರಿದ ಮೊದಲ ಪೀಳಿಗೆ. ಅದರ ಗೂಡಿನಿಂದ ಪತಂಗ ತೆಗೆದು ನೀವೇ ಮೊಟ್ಟೆ ಇಡಿಸಿದರೆ ಬರುವುದು ಎರಡನೇ ಪೀಳಿಗೆ, ಬಣ್ಣ, ಆಕಾರ, ಹಣ್ಣಾಗುವ ದಿನ ಎಲ್ಲ ಒಡೆದು ಬರುತ್ತದೆ. ಶುದ್ಧ ತಳಿಯೇ ಬೇಕು, ಅದು ರೇಷ್ಮೆ ಇಲಾಖೆಯ ಬಿತ್ತನೆ (ಮೊಟ್ಟೆ) ವ್ಯವಸ್ಥೆಯಿಂದ ಕಾಲೇಜಿನ ಪತ್ರದ ಮೇಲೆ ಬರಬೇಕು. ಪ್ರಯೋಗಕ್ಕೆ ತಯಾರಿಸಿದ ಮೊಟ್ಟೆಯನ್ನು ಹೊರಗೆ ಯಾರಿಗೂ ಕೊಡಬೇಡಿ. ಬಿತ್ತನೆ ತಯಾರಿಸಿ ಮಾರಲು ಪರವಾನಗಿ ಬೇಕು, ಅದಕ್ಕಿಂತ ಮುಖ್ಯವಾಗಿ ರೋಗ ಹರಡುತ್ತದೆ.

ಕೋಣೆ ಒಂದೇ ಇರಲಿ, ಚಾಕಿಯಿಂದ ಹಿಡಿದು. ಮೊದಲ ಹಂತಕ್ಕೆ 27–28 ಡಿಗ್ರಿ, ಶೇಕಡಾ 85–90 ತೇವ. ಎರಡಕ್ಕೆ 27 ಮತ್ತು 85, ಮೂರಕ್ಕೆ 26 ಮತ್ತು 80, ನಾಲ್ಕಕ್ಕೆ 25 ಮತ್ತು 70–75, ಐದಕ್ಕೆ 24 ಮತ್ತು 65–70. ತಣ್ಣಗಾದರೆ ಹುಳು ಮಂಕು, ಬಿಸಿಯಾದರೆ ಚುರುಕು. ಎರಡು ಡಿಗ್ರಿ ಏರುಪೇರಿಗೇ ನಿಮ್ಮ ಲೆಕ್ಕ ತಲೆಕೆಳಗಾಗುತ್ತದೆ. ಒಂದು ತಳಿ ಕಿಟಕಿ ಪಕ್ಕ, ಇನ್ನೊಂದು ಗೋಡೆ ಪಕ್ಕ ಇಟ್ಟರೆ ಅಳೆದದ್ದು ಕಿಟಕಿಯ ಗುಣ. ಪ್ರತಿದಿನ ತಟ್ಟೆಗಳ ಸ್ಥಾನ ಬದಲಿಸಿ.

ದಿನ ಲೆಕ್ಕ ಹಾಕುವುದು ಮೊಟ್ಟೆ ಒಡೆದ ದಿನದಿಂದ ಅಲ್ಲ, ಜ್ವರದಿಂದ ಎದ್ದ ಗಂಟೆಯಿಂದ. ಮೈಸೂರು ಮತ್ತು ಸಿಎಸ್‌ಆರ್2 ಒಂದೇ ದಿನ ಎದ್ದೇಳುವುದಿಲ್ಲ. ತೊಂಬತ್ತೈದು ಪಾಲು ಹುಳು ಎದ್ದ ಮೇಲೆ ಮೊದಲ ಸೊಪ್ಪು ಕೊಡಿ, ಆ ಗಂಟೆಯನ್ನು ಸೊನ್ನೆ ಎಂದು ಬರೆಯಿರಿ. ಎರಡು ತಳಿಗೂ ಅಲ್ಲಿಂದ ಅಷ್ಟೇ ಗಂಟೆಗೆ, ದಿನದ ಅದೇ ಹೊತ್ತಿಗೆ ಅಳತೆ. ಇವೆರಡೂ ಹೊಂದಬೇಕೆಂದರೆ ಒಂದು ತಳಿಯ ಚಾಕಿಯನ್ನು ಬೇಕಷ್ಟು ಮೊದಲು ಎಬ್ಬಿಸಬೇಕು.

ಕೋಣೆ ತೊಳೆಯಲು 2 ಶೇಕಡಾ ಬ್ಲೀಚಿಂಗ್ ಪುಡಿಯನ್ನು 0.3 ಶೇಕಡಾ ಸುಣ್ಣದ ನೀರಿನಲ್ಲಿ ಕಲಸಿ, ಸಾಕಣೆಗೆ ಮೂರು ನಾಲ್ಕು ದಿನ ಮೊದಲು. ಹುಳುವಿಗೆ ಮುತ್ತುವ ಊಜಿ ನೊಣಕ್ಕೆ ಬಲೆ. ತಟ್ಟೆ ಸ್ಟ್ಯಾಂಡಿನ ಕಾಲುಗಳಿಗೆ ನೀರು ತುಂಬಿದ ಬಟ್ಟಲು, ಇಲ್ಲವಾದರೆ ಇರುವೆ ಒಂದೇ ರಾತ್ರಿಗೆ ಮುಗಿಸುತ್ತದೆ.

ಬನವಾಸಿ ಬಯಲು

ಸೊಪ್ಪಿನ ಬಗ್ಗೆ ಯಾರೂ ಹೇಳಿಲ್ಲ. ಶಿರಸಿ, ಸಿದ್ದಾಪುರದ ಕಡೆ ಹಿಪ್ಪುನೇರಳೆ ಗಿಡ ಇರುವುದು ಹೆಚ್ಚಾಗಿ ಅಡಿಕೆ ತೋಟದ ಅಂಚಿಗೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಆ ಗಿಡದ ಎಲೆ ಮೇಲೆ ನೀಲಿ ಕಲೆ ಬಿದ್ದಿರುತ್ತದೆ. ಆ ಸೊಪ್ಪು ಪ್ರಯೋಗಕ್ಕೆ ಬೇಡವೇ ಬೇಡ. ತೊಳೆದು ಕೊಡುತ್ತೇವೆ ಎಂದರೆ ಒದ್ದೆ ಸೊಪ್ಪು ಕೊಟ್ಟ ಹಾಗಾಗುತ್ತದೆ. ಒದ್ದೆ ಸೊಪ್ಪು, ಮಳೆಗಾಲದ ತೇವ ಕೂಡಿದರೆ ಸುಣ್ಣಕಟ್ಟು ಎಂಬ ಬೂಷ್ಟು ರೋಗ ಖಂಡಿತ.

ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಹಿಪ್ಪುನೇರಳೆಗೆ 6.2ರಿಂದ 6.8 ರಸಸಾರ (ಪಿಎಚ್) ಬೇಕು. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕದ ಗಿಡದ ಎಲೆ ತೆಳ್ಳಗೆ, ಹಳದಿಯಾಗಿರುತ್ತದೆ. ಅಂಥ ಎಲೆ ತಿಂದ ಹುಳು ಯಾವ ತಳಿಯದಾದರೂ ಹಸಿದು ಅಲೆಯುತ್ತದೆ. ಎಲ್ಲ ತಟ್ಟೆಗೂ ಒಂದೇ ಜಾತಿಯ, ಒಂದೇ ದಿನ ಸವರಿದ ಗಿಡದ ಸೊಪ್ಪು ಕೊಡಿ. ವಿ1 ಎಂಬ ಹಿಪ್ಪುನೇರಳೆ ತಳಿ ಸಿಕ್ಕರೆ ಒಳ್ಳೆಯದು. ಚಾಕಿಗೆ ತುದಿಯ ಹೊಳಪೆಲೆ ಮತ್ತು ಅದರ ಕೆಳಗಿನ ಒಂದೆರಡು, ದೊಡ್ಡ ಹುಳುವಿಗೆ ಸವರಿ 50–60 ದಿನವಾದ ರೆಂಬೆಯ ಸೊಪ್ಪು. ಬೆಳಗಿನ ತಂಪಿನಲ್ಲಿ ಕೊಯ್ದು ಒದ್ದೆ ಗೋಣಿಯಡಿ ಇಡಿ.

ತಿಂಗಳು ಕೇಳಿದ್ದಿರಿ. ನವೆಂಬರಿನಲ್ಲಿ ಗಿಡ ಸವರಿ, ಜನವರಿ–ಫೆಬ್ರವರಿಯಲ್ಲಿ ಹುಳು. ಆಗ ತೇವ ಹಿಡಿತದಲ್ಲಿರುತ್ತದೆ, ಬೋರ್ಡೋ ಕಾಟ ಇಲ್ಲ. ಘಟ್ಟದ ಮೇಲೆ ರಾತ್ರಿ ಚಳಿ ಇರುವುದರಿಂದ ಕೋಣೆಗೆ ಹೀಟರ್ ಬೇಕಾಗುತ್ತದೆ. ಹೊಗೆಯ ಅಗ್ಗಿಷ್ಟಿಕೆ ಇಡಬೇಡಿ.

ಕಡಲತಡಿ, ಕುಮಟಾ

354 ಜೀನ್ ಎಂದು ಹೇಳಿದಿರಿ. ಆಯ್ಕೆಯ ಗುರುತು ಇದೆ ಎಂದ ಮಾತ್ರಕ್ಕೆ ಅದು ನಡವಳಿಕೆಯ ಜೀನ್ ಆಗುವುದಿಲ್ಲವಲ್ಲ ಸರ್?

ಕಾಳಿ ದಂಡೆ, ಕಾರವಾರ

ಆಗುವುದಿಲ್ಲ, ಸರಿಯಾಗಿ ಹಿಡಿದಿರಿ. ಅದು ಆರೋಪಿಗಳ ಪಟ್ಟಿ. ಸಾಬೀತು ಮಾಡಲು ಆ ಜೀನನ್ನು ಕೆಡಿಸಿ ಅಥವಾ ಬದಲಿಸಿ, ನಡವಳಿಕೆ ಬದಲಾಯಿತೇ ಎಂದು ನೋಡಬೇಕು. ಅದಕ್ಕೆ ಮೊಟ್ಟೆ ಇಟ್ಟ ಕೆಲವೇ ಗಂಟೆಗಳೊಳಗೆ ಸೂಕ್ಷ್ಮ ಸೂಜಿಯಿಂದ ಒಳಗೆ ಕತ್ತರಿ ಕಳಿಸಬೇಕು. ನಿದ್ದೆಗೆ ಹೋಗದ ಮೊಟ್ಟೆ ಇದ್ದರೆ ಅನುಕೂಲ ಎಂದು ನಮ್ಮ ಬಂಗಾಳದ ನಿಸ್ತರಿ ತಳಿಯನ್ನು ಚೀನಾದ ಪ್ರಯೋಗಾಲಯಗಳೂ ಬಳಸುತ್ತವೆ.

ನಡವಳಿಕೆಯಲ್ಲಿ ಅತ್ಯಂತ ಗಟ್ಟಿಯಾಗಿ ಸಾಬೀತಾದದ್ದು ಗಂಡು ಪತಂಗದ ವಿಷಯ. ಹೆಣ್ಣಿನ ವಾಸನೆ ಬಾಂಬಿಕಾಲನ್ನು 1959ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ ಬೇರ್ಪಡಿಸಿದರು. ಕೀಟಗಳ ಇಂಥ ವಾಸನೆಯಲ್ಲಿ ಮೊದಲು ಗುರುತಾದದ್ದು ಅದೇ. ಅದರ ಗ್ರಾಹಕ ಬಿಎಂಓಆರ್1, ಝಡ್ ಕ್ರೋಮೋಸೋಮಿನಲ್ಲಿದೆ. ಅದನ್ನು ಕೆಡಿಸಿದರೆ ಗಂಡು ಸುಮ್ಮನೆ ಕೂರುತ್ತದೆ. 2011ರಲ್ಲಿ ಇನ್ನೂ ಮುಂದೆ ಹೋದರು. ಎಲೆಕೋಸಿನ ವಜ್ರಬೆನ್ನಿನ ಪತಂಗದ ವಾಸನೆ ಗ್ರಾಹಕವನ್ನು ರೇಷ್ಮೆ ಗಂಡಿನ ಮೀಸೆಯ ಅದೇ ನರಕೋಶಗಳಲ್ಲಿ ಕೂರಿಸಿದಾಗ, ಆ ಗಂಡು ಎಲೆಕೋಸಿನ ಹೆಣ್ಣು ಪತಂಗದ ಕಡೆಗೆ ರೆಕ್ಕೆ ಬಡಿಯುತ್ತ ನಡೆಯಿತು. ಮಿದುಳಿನ ಒಳಗಿನ ದಾರಿ ಹಾಗೇ ಇದೆ, ಬಾಗಿಲಿನ ಬೀಗ ಬದಲಾಯಿಸಿದರೆ ಸಾಕು.

2014ರ ಒಂದು ಕೆಲಸ ನಿಮ್ಮ ಮಕ್ಕಳು ಓದಲೇಬೇಕಾದದ್ದು. ಸಾಕು ಗಂಡಿನ ಬಾಂಬಿಕಾಲ್ ಗ್ರಹಿಕೆ ಮ್ಯಾಂಡರಿನಾ ಗಂಡಿನಷ್ಟೇ ಚೆನ್ನಾಗಿದೆ. ಆದರೆ ಪರಿಸರದ ಬೇರೆ ವಾಸನೆಗಳನ್ನು ಹಿಡಿಯುವ ಶಕ್ತಿ ಸಾಕು ಗಂಡು, ಹೆಣ್ಣು ಎರಡರಲ್ಲೂ ಕುಗ್ಗಿದೆ, ಹೆಣ್ಣಿನಲ್ಲಿ ಮೀಸೆಯ ವಾಸನೆ ಕೂದಲುಗಳ ಸಂಖ್ಯೆಯೂ ಇಳಿದಿದೆ. ಕಾರಣ ಊಹಿಸುವುದು ಕಷ್ಟವಲ್ಲ: ಕಾಡಿನ ಹೆಣ್ಣು ಹಿಪ್ಪುನೇರಳೆ ಮರ ಹುಡುಕಿ ಮೊಟ್ಟೆ ಇಡಬೇಕು, ಸಾಕು ಹೆಣ್ಣಿಗೆ ಹಾಳೆಯನ್ನು ನಾವೇ ಕೊಡುತ್ತೇವೆ. ಕಾಡು ಮತ್ತು ಸಾಕು ಪತಂಗಗಳ ಮಿಶ್ರ ಮರಿಗಳನ್ನು ಪರೀಕ್ಷಿಸಿದಾಗ ಈ ಗ್ರಹಿಕೆಯ ಜೀನ್‌ಗಳು ಡಬ್ಲ್ಯು ಕ್ರೋಮೋಸೋಮಿನಲ್ಲಿ ಇರಬಹುದೆಂಬ ಸುಳಿವು ಸಿಕ್ಕಿತು. ಎರಡೂ ದಿಕ್ಕಿನ ಮಿಶ್ರಣ ಮಾಡಿ, ಲಿಂಗ ಬರೆಯಿರಿ ಎಂದು ನಾನು ಹಟ ಹಿಡಿದದ್ದು ಇದಕ್ಕೇ.

ಮುಂದಿನ ವರ್ಷ ಇನ್ನೊಂದು ತಂಡ ಜೀನಿನ ಜಾಗ ಹುಡುಕಲು ಹೊರಟರೆ ಈ ಸೂತ್ರ ನೆನಪಿರಲಿ: ರೇಷ್ಮೆ ಹುಳುವಿನ ಹೆಣ್ಣಿನಲ್ಲಿ ಕ್ರೋಮೋಸೋಮ್ ತುಂಡುಗಳ ಅದಲುಬದಲು ನಡೆಯುವುದೇ ಇಲ್ಲ, ಗಂಡಿನಲ್ಲಿ ಮಾತ್ರ. ಮಿಶ್ರ ಹೆಣ್ಣನ್ನು ಶುದ್ಧ ಗಂಡಿಗೆ ಕೂಡಿಸಿದರೆ ಇಡೀ ಕ್ರೋಮೋಸೋಮ್ ಹಾಗೇ ಬರುತ್ತದೆ, ಗುಣ ಯಾವ ಕ್ರೋಮೋಸೋಮಿನದು ಎಂದು ಗೊತ್ತಾಗುತ್ತದೆ. ಮಿಶ್ರ ಗಂಡನ್ನು ಶುದ್ಧ ಹೆಣ್ಣಿಗೆ ಕೂಡಿಸಿದರೆ ತುಂಡುಗಳು ಬೆರೆತು, ಆ ಕ್ರೋಮೋಸೋಮಿನಲ್ಲಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಮೊದಲಿನದನ್ನು ಬಿಟ್ಟು ಎರಡನೆಯದಕ್ಕೆ ಹಾರಿದರೆ ಕೆಲಸ ಇಮ್ಮಡಿಯಾಗುತ್ತದೆ.

ಶಾಲ್ಮಲಾ, ಶಿರಸಿ

ತಿದ್ದಿದ ಯೋಜನೆ: ನಾಲ್ಕು ಗುಂಪು (ಎರಡು ಶುದ್ಧ, ಎರಡು ದಿಕ್ಕಿನ ಮಿಶ್ರ), ಜೊತೆಗೆ ಆಮ್ಲಕ್ಕೆ ಹಾಕಿದ ಮೈಸೂರು ಗುಂಪು. ಪ್ರತಿ ಗುಂಪಿಗೆ 6 ತಾಯಂದಿರು, ಒಬ್ಬೊಬ್ಬ ತಾಯಿಯಿಂದ 10 ಗಂಡು, 10 ಹೆಣ್ಣು ಹುಳು. ಐದನೇ ಹಂತದ ಮೂರನೇ ದಿನ, ಮೂರು ಗಂಟೆ ಸೊಪ್ಪು ನಿಲ್ಲಿಸಿ ಅಳತೆ. ಒಟ್ಟು 600 ಹುಳು. ಸಾಲುತ್ತದೆಯೇ?

ಕಾಳಿ ದಂಡೆ, ಕಾರವಾರ

ಸಾಲುತ್ತದೆ, ಆದರೆ ಲೆಕ್ಕ ಮಾಡುವಾಗ 600 ಎಂದು ಬರೆಯಬೇಡಿ. ಒಂದೇ ತಾಯಿಯ 20 ಹುಳುಗಳು ಅಕ್ಕತಂಗಿಯರು, ಅಣ್ಣತಮ್ಮಂದಿರು, ಒಂದೇ ತಟ್ಟೆಯವರು. ಒಂದು ತಾಯಿಯ ಸರಾಸರಿ ಒಂದು ಅಂಕ. ಅಂದರೆ ಗುಂಪಿಗೆ ಆರು ಅಂಕ. ತಾಯಂದಿರನ್ನು 8–10ಕ್ಕೆ ಏರಿಸಿ, ಹುಳುಗಳನ್ನು ತಲಾ 6ಕ್ಕೆ ಇಳಿಸಿದರೆ ಅದೇ ಶ್ರಮಕ್ಕೆ ಹೆಚ್ಚು ಫಲ.

ಒಂದೊಂದು ಹುಳುವನ್ನೇ ಬೇರೆಬೇರೆಯಾಗಿ ಬಿಡಿ, ಹತ್ತನ್ನು ಒಟ್ಟಿಗೆ ಬೇಡ. ಒಂದರ ಮೈ ತಾಗಿ ಇನ್ನೊಂದು ಹೊರಡುತ್ತದೆ. ಪ್ರತಿ ಸಲ ಹೊಸ ಕಾಗದ, ಯಾಕೆಂದರೆ ನಡೆದ ಹುಳು ಎಳೆ ಬಿಟ್ಟಿರುತ್ತದೆ. ಬೆಳಕು ನೇರ ಮೇಲಿನಿಂದ ಬರಲಿ. ಹುಳು, ಅದರಲ್ಲೂ ಸಣ್ಣದು, ಮಂದ ಬೆಳಕಿನ ಕಡೆ ಹೋಗುತ್ತದೆ. ಆದ್ದರಿಂದ ಕಿಟಕಿ ಮುಚ್ಚಿ, ಅರ್ಧ ಹುಳುಗಳನ್ನು ತಲೆ ಒಂದು ದಿಕ್ಕಿಗೆ, ಉಳಿದವನ್ನು ಎದುರು ದಿಕ್ಕಿಗೆ ಇಡಿ. ಅಳೆಯುವ ವಿದ್ಯಾರ್ಥಿಗೆ ಡಬ್ಬಿಯ ಮೇಲೆ ತಳಿಯ ಹೆಸರು ಕಾಣಬಾರದು, ಬರೀ ಸಂಖ್ಯೆ ಇರಲಿ. ಮೊದಲ ಸಲ ತನ್ನ ಮೈಯುದ್ದದಷ್ಟು ಸರಿದ ನಿಮಿಷ ಬರೆಯಿರಿ, ಗಂಟೆಯೊಳಗೆ ಹೊರಡದಿದ್ದರೆ "ಹೊರಡಲಿಲ್ಲ" ಎಂದೇ ಬರೆಯಿರಿ, 60 ಎಂದು ತುಂಬಬೇಡಿ.

ಮುಂಡಗೋಡ ಗೂಡು

ಮೊಟ್ಟೆ ಇಟ್ಟ ಪ್ರತಿ ತಾಯಿ ಪತಂಗವನ್ನೂ ಗಂಟು ರೋಗಕ್ಕೆ ಪರೀಕ್ಷಿಸದೆ ಒಂದು ಹುಳುವನ್ನೂ ಚಾಕಿಗೆ ಬಿಡಬೇಡಿ. ಆ ರೋಗ ತಾಯಿಯಿಂದ ಮೊಟ್ಟೆಯೊಳಗೇ ಬರುತ್ತದೆ, ಹುಳುಗಳು ಸಣ್ಣ ದೊಡ್ಡವಾಗುತ್ತವೆ, ಜ್ವರದಿಂದ ತಡವಾಗಿ ಏಳುತ್ತವೆ, ಮಂಕಾಗಿರುತ್ತವೆ. ಕಾಳಿ ದಂಡೆಯವರು ಹೇಳಿದ "ತಾಯಿಯ ಪ್ರಭಾವ"ದ ಹಾಗೆಯೇ ಥೇಟ್ ಕಾಣುತ್ತದೆ. ಮೊಟ್ಟೆ ಇಟ್ಟು ಮುಗಿಸಿದ ಪತಂಗವನ್ನು 0.6 ಶೇಕಡಾ ಪೊಟ್ಯಾಸಿಯಂ ಕಾರ್ಬೊನೇಟ್ ನೀರಿನಲ್ಲಿ ಅರೆದು, ಒಂದು ಹನಿ ಗಾಜಿನ ಮೇಲೆ ಹಾಕಿ 600 ಪಟ್ಟಿಗೆ ನೋಡಿ. ಮೊಟ್ಟೆಯಾಕಾರದ, ಹೊಳೆಯುವ ಕಣ ಒಂದು ಕಂಡರೂ ಆ ತಾಯಿಯ ಹಾಳೆಯನ್ನು ಸುಡಬೇಕು. ಹಾಳೆಗೂ ಪತಂಗಕ್ಕೂ ಒಂದೇ ಸಂಖ್ಯೆ ಬರೆದಿಟ್ಟಿದ್ದರೆ ಮಾತ್ರ ಯಾವ ಹಾಳೆ ಎಂದು ಗೊತ್ತಾಗುತ್ತದೆ, ಆದ್ದರಿಂದ ಪತಂಗವನ್ನು ಹಾಳೆಯ ಮೇಲೆ ಕೂರಿಸುವ ಮೊದಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಶಾಯಿ ಫಾರ್ಮಾಲಿನ್‌ನಲ್ಲಿ ಅಳಿಸುತ್ತದೆ.